ಬೀದಿಗಿಳಿಯುವ ಹಕ್ಕು: ಪ್ಯಾಲೆಸ್ಟೀನ್ ಪರ ಮೆರವಣಿಗೆಗೆ ಹೊರಡುವ ಮುನ್ನ

2025ರ ಆಗಸ್ಟ್ 3, ಭಾನುವಾರ. ಸಿಡ್ನಿಯ ಹಾರ್ಬರ್ ಸೇತುವೆಯ ಮೇಲೆ ವಾಹನಗಳಿರಲಿಲ್ಲ, ಮಳೆಯಲ್ಲಿ ಕೊಡೆ ಹಿಡಿದ ಜನರಿದ್ದರು. ಪೊಲೀಸರ ಅಂದಾಜಿನಲ್ಲೇ 90,000 ಮಂದಿ ಗಾಜಾದ ಜನರ ಪರವಾಗಿ ಅಂದು ಬೀದಿಗಿಳಿದಿದ್ದರು. ಹಿಂದಿನ ದಿನದವರೆಗೂ ಈ ಮೆರವಣಿಗೆ ನಡೆಯುತ್ತದೋ ಇಲ್ಲವೋ ಯಾರಿಗೂ ಖಾತ್ರಿ ಇರಲಿಲ್ಲ. ಇದನ್ನು ತಡೆಯಬೇಕೆಂದು ಸಿಡ್ನಿ ಇರುವ ನ್ಯೂ ಸೌತ್ ವೇಲ್ಸ್ ರಾಜ್ಯದ ಪೊಲೀಸರು ಅಲ್ಲಿನ ಸುಪ್ರೀಂ ಕೋರ್ಟಿಗೆ ಹೋಗಿದ್ದರು. ನಗರದ ಮುಖ್ಯ ಸಂಪರ್ಕವೇ ಬಂದ್ ಆಗುತ್ತದೆ, ಇಷ್ಟು ಜನರ ಸುರಕ್ಷತೆಗೆ ತಯಾರಿ ಮಾಡಿಕೊಳ್ಳಲು ಸಮಯ ಸಾಲದು ಎಂಬುದು ಅವರ ವಾದ. ನ್ಯಾಯಮೂರ್ತಿ ಬೆಲಿಂಡಾ ರಿಗ್ ಒಪ್ಪಲಿಲ್ಲ. ಶಾಂತಿಯುತ ಪ್ರತಿಭಟನೆ ಎಂದ ಮೇಲೆ ಉಳಿದವರಿಗೆ ಅಡಚಣೆ ಆಗಿಯೇ ಆಗುತ್ತದೆ, ಅದೊಂದೇ ಕಾರಣಕ್ಕೆ ತಡೆಯಲಾಗದು ಎಂಬುದು ಅವರ ತೀರ್ಪಿನ ಸಾರ.

ಅಕ್ಟೋಬರಿನಲ್ಲಿ ಅದೇ ಸಂಘಟಕರು ಒಪೆರಾ ಹೌಸ್‌ಗೆ ಮೆರವಣಿಗೆ ಹೋಗುತ್ತೇವೆ ಎಂದರು. ಪೊಲೀಸರು ಮತ್ತೆ ಕೋರ್ಟಿಗೆ ಹೋದರು, ಈ ಸಲ ಗೆದ್ದರು. ಸಮುದ್ರಕ್ಕೆ ಚಾಚಿಕೊಂಡಿರುವ ಆ ಇಕ್ಕಟ್ಟಾದ ಜಾಗದಲ್ಲಿ ಸಾವಿರಾರು ಜನ ಸೇರಿದರೆ ಕಾಲ್ತುಳಿತದ ಅಪಾಯವಿದೆ ಎಂಬ ಮಾತನ್ನು ಮೇಲ್ಮನವಿ ನ್ಯಾಯಾಲಯ ಒಪ್ಪಿತು. ಜನ ಬೇರೆ ಬೀದಿಗಳಲ್ಲಿ ಮೆರವಣಿಗೆ ನಡೆಸಿದರು.

ಅದೇ ಜನ, ಅದೇ ಬೇಡಿಕೆ, ಅದೇ ಕಾನೂನು. ಫಲಿತಾಂಶ ಮಾತ್ರ ಬೇರೆ. ಎರಡನೇ ಸಲ ಅಡ್ಡಿಯಾದದ್ದು ಜಾಗ, ಆಡುವ ಮಾತಲ್ಲ. ಪ್ರತಿಭಟನೆಯ ಹಕ್ಕಿನ ಕಾನೂನೆಲ್ಲ ಸುತ್ತುವುದು ಈ ವ್ಯತ್ಯಾಸದ ಸುತ್ತಲೇ. ಎಲ್ಲಿ ಸೇರುತ್ತೀರಿ, ಯಾವಾಗ ಸೇರುತ್ತೀರಿ, ಹೇಗೆ ಸೇರುತ್ತೀರಿ ಎಂದು ಸರ್ಕಾರ ಕೇಳಬಹುದು. ಏನು ಹೇಳುತ್ತೀರಿ ಎಂಬುದರಲ್ಲಿ ಕೈಹಾಕಲು ಅದಕ್ಕಿರುವ ಅವಕಾಶ ತೀರಾ ಕಿರಿದು. ಆದರೆ 2023ರ ಅಕ್ಟೋಬರ್ ನಂತರ, ಪ್ಯಾಲೆಸ್ಟೀನ್ ಹೆಸರೆತ್ತಿದ ಕಡೆ, ‘ಎಲ್ಲಿ’ ಎಂಬ ಪ್ರಶ್ನೆಯ ವೇಷದಲ್ಲಿ ‘ಏನು’ ಎಂಬ ಪ್ರಶ್ನೆ ನುಸುಳುತ್ತಿರುವುದು ಒಂದಲ್ಲ, ಹಲವು ದೇಶಗಳಲ್ಲಿ ಕಾಣುತ್ತಿದೆ. ಮೆರವಣಿಗೆಗೆ ಹೋಗುವವರಿಗೆ ಈ ಎರಡನ್ನು ಬಿಡಿಸಿ ನೋಡಲು ಬರಬೇಕು. ಎದುರಿಗೆ ನಿಂತ ಪೊಲೀಸ್ ಅಧಿಕಾರಿ ಯಾವ ಕಾರಣ ಕೊಡುತ್ತಿದ್ದಾರೆ ಎಂಬುದರ ಮೇಲೆ ನಿಮ್ಮ ಉತ್ತರವೂ ಬದಲಾಗುತ್ತದೆ.

ಬೀದಿಯಲ್ಲಿ ಕೇಳುತ್ತಿರುವುದೇನು

ಪ್ಯಾಲೆಸ್ಟೀನ್ ಪರ ಎಂದರೆ ಯುದ್ಧದಲ್ಲಿ ಒಂದು ಪಕ್ಷದ ಪರ ಎಂದೇ ಹಲವರು ತಿಳಿದಿದ್ದಾರೆ. ಫಲಕಗಳಲ್ಲಿ ಬರೆದಿರುವುದನ್ನು ಓದಿದರೆ ಹೆಚ್ಚಿನವು ಕಾನೂನಿನ ಬೇಡಿಕೆಗಳೇ. 1948ರಲ್ಲಿ ಏಳು ಲಕ್ಷಕ್ಕೂ ಹೆಚ್ಚು ಪ್ಯಾಲೆಸ್ಟೀನಿಯರು ಮನೆಮಠ ಕಳೆದುಕೊಂಡರು. ಅದನ್ನು ಅವರು ನಕ್ಬಾ ಎಂದು ಕರೆದು ಪ್ರತಿ ಮೇ 15ರಂದು ನೆನೆಯುತ್ತಾರೆ. ಪಶ್ಚಿಮ ದಂಡೆ, ಪೂರ್ವ ಜೆರುಸಲೇಂ, ಗಾಜಾ ಇಸ್ರೇಲಿನ ಹಿಡಿತಕ್ಕೆ ಬಂದದ್ದು 1967ರಲ್ಲಿ. ಆ ಪ್ರದೇಶಗಳಲ್ಲಿ ಇಸ್ರೇಲಿನ ಮುಂದುವರಿದ ಇರುವಿಕೆ ಕಾನೂನುಬಾಹಿರ, ಅದು ಆದಷ್ಟು ಬೇಗ ಕೊನೆಗೊಳ್ಳಬೇಕು ಎಂದು ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜುಲೈ 19ರಂದು ತನ್ನ ಸಲಹಾ ಅಭಿಪ್ರಾಯದಲ್ಲಿ ಹೇಳಿತು. ಎರಡು ತಿಂಗಳಾಗುವಷ್ಟರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅದನ್ನೇ ಹನ್ನೆರಡು ತಿಂಗಳ ಗಡುವಿನೊಂದಿಗೆ ನಿರ್ಣಯವಾಗಿ ಅಂಗೀಕರಿಸಿತು. 124 ದೇಶಗಳು ಪರ, 14 ವಿರುದ್ಧ, 43 ತಟಸ್ಥ. ತಟಸ್ಥವಾಗಿ ಉಳಿದವುಗಳಲ್ಲಿ ಭಾರತವೂ ಒಂದು.

2023ರ ಅಕ್ಟೋಬರ್ 7ರಂದು ಹಮಾಸ್ ಮತ್ತು ಅದರ ಜೊತೆಗಾರರ ದಾಳಿಯಲ್ಲಿ ಇಸ್ರೇಲಿನಲ್ಲಿ ಸುಮಾರು 1,200 ಜನ ಸತ್ತರು, 250ರಷ್ಟು ಮಂದಿಯನ್ನು ಒತ್ತೆಯಾಳುಗಳಾಗಿ ಒಯ್ಯಲಾಯಿತು. ನಂತರದ ಯುದ್ಧದಲ್ಲಿ ಗಾಜಾದಲ್ಲಿ ಸತ್ತವರ ಸಂಖ್ಯೆ, ಅಲ್ಲಿನ ಆರೋಗ್ಯ ಸಚಿವಾಲಯದ ಲೆಕ್ಕದಂತೆ, 2025ರ ಜುಲೈ ಮುಗಿಯುವಷ್ಟರಲ್ಲಿ 60,000 ದಾಟಿತ್ತು. ದಕ್ಷಿಣ ಆಫ್ರಿಕಾ ಹೂಡಿದ ನರಮೇಧದ ಮೊಕದ್ದಮೆಯಲ್ಲಿ ಅಂತರರಾಷ್ಟ್ರೀಯ ನ್ಯಾಯಾಲಯ 2024ರ ಜನವರಿ 26ರಂದೇ ಮಧ್ಯಂತರ ಆದೇಶ ಕೊಟ್ಟಿತ್ತು. ಅದೇ ವರ್ಷ ನವೆಂಬರಿನಲ್ಲಿ ಅಂತರರಾಷ್ಟ್ರೀಯ ಅಪರಾಧ ನ್ಯಾಯಾಲಯ ಇಸ್ರೇಲಿನ ಪ್ರಧಾನಿ ನೆತನ್ಯಾಹು, ಮಾಜಿ ರಕ್ಷಣಾ ಸಚಿವ ಗ್ಯಾಲಂಟ್ ಮತ್ತು ಹಮಾಸ್ ಸೇನಾ ಮುಖ್ಯಸ್ಥ ದೈಫ್ ಮೇಲೆ ಬಂಧನ ವಾರಂಟ್ ಹೊರಡಿಸಿತು. ಇವನ್ನೆಲ್ಲ ಇಲ್ಲಿ ಬರೆಯಲು ಕಾರಣವಿದೆ. ಆಕ್ರಮಣ ಕೊನೆಯಾಗಲಿ, ಆಹಾರ ಮತ್ತು ಔಷಧಿ ಒಳಬಿಡಿ, ಶಸ್ತ್ರಾಸ್ತ್ರ ಮಾರಬೇಡಿ ಎಂದು ಕೂಗುವವರು ಜಗತ್ತಿನ ಅತಿ ದೊಡ್ಡ ನ್ಯಾಯಾಲಯಗಳ ಮುಂದಿರುವ ವಿಷಯವನ್ನೇ ಬೀದಿಯಲ್ಲಿ ಹೇಳುತ್ತಿದ್ದಾರೆ. ಸಂವಿಧಾನಗಳು ಕಾಪಾಡಬೇಕಾದ ರಾಜಕೀಯ ಮಾತು ಎಂದರೆ ಇದೇ.

ಅನುಮತಿಯೋ, ಮಾಹಿತಿಯೋ

ಹಕ್ಕಿನ ಬೇರು ಹುಡುಕಿದರೆ 1948ರ ಮಾನವ ಹಕ್ಕುಗಳ ಸಾರ್ವತ್ರಿಕ ಘೋಷಣೆಯ 20ನೇ ವಿಧಿ ಸಿಗುತ್ತದೆ. ದೇಶಗಳನ್ನು ಕಾನೂನಾಗಿ ಕಟ್ಟಿಹಾಕುವುದು 1966ರ ನಾಗರಿಕ ಮತ್ತು ರಾಜಕೀಯ ಹಕ್ಕುಗಳ ಒಡಂಬಡಿಕೆಯ 21ನೇ ವಿಧಿ. ಭಾರತ 1979ರಲ್ಲಿ ಇದಕ್ಕೆ ಸೇರಿತು. ಆ ಒಂದು ವಿಧಿಯ ಅರ್ಥವೇನೆಂದು ವಿಶ್ವಸಂಸ್ಥೆಯ ಮಾನವ ಹಕ್ಕುಗಳ ಸಮಿತಿ 2020ರ ಜುಲೈನಲ್ಲಿ ‘ಸಾಮಾನ್ಯ ಟಿಪ್ಪಣಿ 37’ ಎಂಬ ದಾಖಲೆಯಲ್ಲಿ ಬಿಡಿಸಿ ಬರೆದಿದೆ. ಓದಲು ಒಣಗಿದಂತಿದ್ದರೂ ಬಹಳ ಉಪಯೋಗದ ದಾಖಲೆ. ಪೊಲೀಸರಿಗೆ ಮುಂಚೆ ತಿಳಿಸಲಿಲ್ಲ ಎಂಬ ಮಾತ್ರಕ್ಕೆ ಸಭೆ ಅಕ್ರಮವಾಗುವುದಿಲ್ಲ, ಅದನ್ನೇ ನೆಪ ಮಾಡಿ ಚದುರಿಸುವಂತಿಲ್ಲ ಎನ್ನುತ್ತದೆ ಅದು. ಗುಂಪಿನಲ್ಲಿ ನಾಲ್ಕು ಜನ ಕಲ್ಲು ತೂರಿದರೆ ಉಳಿದ ಸಾವಿರ ಜನರ ಹಕ್ಕು ಹೋಗುವುದಿಲ್ಲ. ಯಾರಿಗೆ ಕೇಳಬೇಕೆಂದು ಕೂಗುತ್ತಿದ್ದಾರೋ ಅವರ ಕಣ್ಣಿಗೆ, ಕಿವಿಗೆ ತಲುಪುವಷ್ಟು ಹತ್ತಿರ ಸೇರಲು ಆದಷ್ಟೂ ಬಿಡಬೇಕು. ಪೊಲೀಸರ ಕೆಲಸವನ್ನು ವಿಡಿಯೊ ಮಾಡುವುದು ತಪ್ಪಲ್ಲ. ಎದುರು ಗುಂಪು ಗಲಾಟೆ ಮಾಡಬಹುದೆಂಬ ಭಯಕ್ಕೆ ಮೊದಲ ಗುಂಪಿನ ಬಾಯಿ ಮುಚ್ಚಿಸಬಾರದು, ಅದಕ್ಕೆ ರಕ್ಷಣೆ ಕೊಡಬೇಕು.

ಇದು ಮಾದರಿ. ಪ್ರತಿ ದೇಶದ ಬೀದಿ ಕಾನೂನು ಬೇರೆ, ಅಲ್ಲಿ ನಿಂತಾಗ ಅನ್ವಯಿಸುವುದು ಅದೇ. ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಮೆರವಣಿಗೆಗೆ ಆರು ದಿನ ಮುಂಚೆ ಪೊಲೀಸರಿಗೆ ಲಿಖಿತವಾಗಿ ತಿಳಿಸಬೇಕು, ಒಂದೆಡೆ ನಿಂತು ನಡೆಸುವ ಸಭೆಗೆ ಅದೂ ಬೇಡ. ಜರ್ಮನಿಯಲ್ಲಿ ಸಾರ್ವಜನಿಕವಾಗಿ ಪ್ರಕಟಿಸುವ 48 ಗಂಟೆ ಮೊದಲು ನೋಂದಾಯಿಸಬೇಕು, ಆದರೆ ಒಂದು ಘಟನೆ ಕೇಳಿ ತಟ್ಟನೆ ಸೇರಿದ ಜನಕ್ಕೆ ಈ ನಿಯಮವಿಲ್ಲ. ನ್ಯೂ ಸೌತ್ ವೇಲ್ಸ್‌ನಲ್ಲಿ ಏಳು ದಿನ ಮುಂಚೆ ನಮೂನೆ ತುಂಬಿಕೊಟ್ಟರೆ, ಅದನ್ನು ಕೋರ್ಟ್ ತಡೆಯದಿದ್ದರೆ, ರಸ್ತೆ ತಡೆದಂಥ ಕೆಲವು ಅಪರಾಧಗಳಿಂದ ಪಾಲ್ಗೊಂಡವರಿಗೆ ರಕ್ಷಣೆ ಸಿಗುತ್ತದೆ. ಅಮೆರಿಕದಲ್ಲಿ ಪಾದಚಾರಿ ದಾರಿ ಬಿಟ್ಟುಕೊಟ್ಟು ಫಲಕ ಹಿಡಿದು ನಡೆಯಲು ಸಾಮಾನ್ಯವಾಗಿ ಯಾವ ಪರವಾನಗಿಯೂ ಬೇಡ. ರಸ್ತೆ ಮುಚ್ಚಬೇಕಾದರೆ, ದೊಡ್ಡ ಧ್ವನಿವರ್ಧಕ ಇಡಬೇಕಾದರೆ ಬೇಕು. ಆ ಪರವಾನಗಿಯ ಶುಲ್ಕವನ್ನು, ನಿಮ್ಮ ಮಾತಿಗೆ ವಿರೋಧಿಗಳು ಸಿಟ್ಟಾಗುತ್ತಾರೆ, ಬಂದೋಬಸ್ತ್ ಖರ್ಚು ಹೆಚ್ಚು ಎಂಬ ಲೆಕ್ಕದಲ್ಲಿ ಏರಿಸುವಂತಿಲ್ಲ ಎಂದು ಅಲ್ಲಿನ ಸುಪ್ರೀಂ ಕೋರ್ಟ್ 1992ರಲ್ಲೇ ಹೇಳಿದೆ.

ಇವುಗಳಲ್ಲಿ ಬಹುಪಾಲು ಬರೀ ತಿಳಿವಳಿಕೆ ಕೊಡುವ ವ್ಯವಸ್ಥೆಗಳು, ಕೈಮುಗಿದು ಬೇಡುವ ಅನುಮತಿಗಳಲ್ಲ. ಇದನ್ನು ಮರೆತ ಸರ್ಕಾರಗಳಿಗೆ ನೆನಪಿಸಲು ಕೋರ್ಟೇ ಬೇಕಾಗುತ್ತದೆ. 2023ರ ಅಕ್ಟೋಬರ್ 12ರಂದು ಫ್ರಾನ್ಸಿನ ಗೃಹ ಸಚಿವ ಜೆರಾಲ್ಡ್ ದರ್ಮನಾ ಪ್ಯಾಲೆಸ್ಟೀನ್ ಪರ ಪ್ರದರ್ಶನಗಳನ್ನೆಲ್ಲ ನಿಷೇಧಿಸಲು ಜಿಲ್ಲಾಡಳಿತಗಳಿಗೆ ಸೂಚಿಸಿದರು. ಒಂದೇ ವಾರದಲ್ಲಿ ಅಲ್ಲಿನ ಅತ್ಯುನ್ನತ ಆಡಳಿತ ನ್ಯಾಯಾಲಯ, ಪ್ಯಾಲೆಸ್ಟೀನ್ ಪರ ಎಂಬ ಒಂದೇ ಕಾರಣಕ್ಕೆ ನಿಷೇಧಿಸುವಂತಿಲ್ಲ, ಒಂದೊಂದು ಸಭೆಯನ್ನೂ ಅದರದರ ಸ್ಥಳೀಯ ಅಪಾಯ ನೋಡಿಯೇ ತೀರ್ಮಾನಿಸಬೇಕು ಎಂದಿತು. ಲಂಡನ್ನಿನಲ್ಲಿ ಅದೇ ವರ್ಷ ನವೆಂಬರ್ 11ರ ಮೆರವಣಿಗೆಯನ್ನು ತಡೆಯಿರಿ ಎಂದು ಸರ್ಕಾರದ ಒತ್ತಡವಿತ್ತು. ಗೃಹ ಸಚಿವೆ ಸುಯೆಲ್ಲಾ ಬ್ರೇವರ್‌ಮನ್ ಇವುಗಳನ್ನು ದ್ವೇಷದ ಮೆರವಣಿಗೆಗಳೆಂದು ಕರೆದಿದ್ದರು. ನಿಷೇಧಕ್ಕೆ ಕಾನೂನು ಕೇಳುವಷ್ಟು ಆಧಾರ ನನ್ನ ಬಳಿ ಇಲ್ಲ ಎಂದವರು ಪೊಲೀಸ್ ಮುಖ್ಯಸ್ಥ ಮಾರ್ಕ್ ರೌಲಿಯೇ. ಮೂರು ಲಕ್ಷ ಜನ ನಡೆದರು ಎಂಬುದು ಪೊಲೀಸರದೇ ಅಂದಾಜು. ಎರಡು ದಿನಗಳ ನಂತರ ಸಚಿವೆ ಹುದ್ದೆ ಕಳೆದುಕೊಂಡರು.

ಹೀಗೆಂದು ಕಾನೂನು ಎಲ್ಲೆಡೆ ಸಡಿಲವಾಗುತ್ತಿದೆ ಎಂದುಕೊಳ್ಳಬೇಡಿ. 2025ರ ಡಿಸೆಂಬರಿನಲ್ಲಿ ಸಿಡ್ನಿಯ ಬಾಂಡಿ ಕಡಲತೀರದಲ್ಲಿ ಯೆಹೂದಿಗಳ ಹಬ್ಬದ ಕೂಟದ ಮೇಲೆ ಗುಂಡಿನ ದಾಳಿಯಾದ ಮೇಲೆ, ಭಯೋತ್ಪಾದಕ ಕೃತ್ಯವೆಂದು ಘೋಷಿತವಾದ ಘಟನೆಯ ಬೆನ್ನಿಗೆ ಸಭೆಗಳನ್ನು ಕೆಲಕಾಲ ತಡೆಹಿಡಿಯುವ ಹೊಸ ಅಧಿಕಾರವನ್ನು ನ್ಯೂ ಸೌತ್ ವೇಲ್ಸ್ ಪೊಲೀಸರಿಗೆ ಕೊಟ್ಟಿತು. ಹಿಂದಿನ ಸಲ ನಡೆದದ್ದು ಈ ಸಲವೂ ನಡೆಯುತ್ತದೆ ಎಂಬ ಭರವಸೆಯಲ್ಲಿ ಹೊರಡುವುದು ಸರಿಯಲ್ಲ. ಹೋಗುವ ವಾರದಲ್ಲಿ ಕಾನೂನಿನ ಸ್ಥಿತಿಯೇನು ಎಂಬುದನ್ನು ಸಂಘಟಕರಿಂದ ಕೇಳಿ ತಿಳಿದುಕೊಳ್ಳಬೇಕು.

ಯಾರ ನೆಲ?

ರಸ್ತೆ, ಪಾದಚಾರಿ ದಾರಿ, ಉದ್ಯಾನ, ಸರ್ಕಾರಿ ಕಟ್ಟಡದ ಮುಂದಿನ ಬಯಲು ಇವುಗಳಲ್ಲಿ ಹಕ್ಕು ಗಟ್ಟಿ. ಮಾಲ್, ವಿಮಾನ ನಿಲ್ದಾಣ, ಕಂಪನಿಯ ಆವರಣದಲ್ಲಿ ತೆಳು. 2024ರ ಏಪ್ರಿಲ್‌ನಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಹುಲ್ಲುಹಾಸಿನಲ್ಲಿ ಡೇರೆ ಹಾಕಿ ಕೂತ ವಿದ್ಯಾರ್ಥಿಗಳು ಎದುರಿಸಿದ್ದು ಇದನ್ನೇ. ಅಮೆರಿಕದ ಸಂವಿಧಾನದ ಮೊದಲ ತಿದ್ದುಪಡಿ ಸರ್ಕಾರದ ಕೈ ಕಟ್ಟುತ್ತದೆ, ಖಾಸಗಿ ಸಂಸ್ಥೆಯ ಕೈಯನ್ನಲ್ಲ. ಸರ್ಕಾರಿ ವಿಶ್ವವಿದ್ಯಾಲಯ ಅದಕ್ಕೆ ಬದ್ಧ; ಕೊಲಂಬಿಯಾದಂಥ ಖಾಸಗಿ ವಿಶ್ವವಿದ್ಯಾಲಯ ಬದ್ಧವಾಗಿರುವುದು ಮುಖ್ಯವಾಗಿ ತನ್ನದೇ ನಿಯಮಪುಸ್ತಕಕ್ಕೆ. ಏಪ್ರಿಲ್ 18ರಂದು ಆಡಳಿತವೇ ಪೊಲೀಸರನ್ನು ಕರೆಸಿತು, ನೂರಕ್ಕೂ ಹೆಚ್ಚು ಜನ ಬಂಧಿತರಾದರು. ಕಿಡಿ ಹಾರಿದ್ದು ಅಲ್ಲಿಂದ. ಆ ಋತುವಿನಲ್ಲಿ ದೇಶದ ಕ್ಯಾಂಪಸ್‌ಗಳಲ್ಲಿ ಬಂಧಿತರಾದವರು 3,000ಕ್ಕೂ ಹೆಚ್ಚು. ಬಂಧನ ಒಂದು ರಾತ್ರಿಯದಾದರೂ ಶಿಸ್ತುಕ್ರಮ ವರ್ಷಗಟ್ಟಲೆ ಕಾಡಬಹುದು, ಅಮಾನತಾದರೆ ವಿದ್ಯಾರ್ಥಿ ವೀಸಾಕ್ಕೇ ಕುತ್ತು. ಹಾಗಾಗಿ ವಿದ್ಯಾರ್ಥಿಗಳು ಮೊದಲು ಓದಬೇಕಾದದ್ದು ತಮ್ಮ ವಿಶ್ವವಿದ್ಯಾಲಯದ ಶಿಸ್ತುಸಂಹಿತೆಯನ್ನು, ಸಂವಿಧಾನ ಆಮೇಲೆ.

ಫಲಕದ ಮೇಲೆ ಏನಿದೆ?

ಮಾತಿನ ವಿಷಯಕ್ಕೆ ಬಂದರೆ ದೇಶದೇಶಗಳ ಅಂತರ ದೊಡ್ಡದು. ಅಮೆರಿಕದಲ್ಲಿ 1969ರ ಬ್ರ್ಯಾಂಡನ್‌ಬರ್ಗ್ ತೀರ್ಪಿನ ಪ್ರಕಾರ, ಆ ಕ್ಷಣಕ್ಕೇ ಕಾನೂನು ಮುರಿಯಲು ಜನರನ್ನು ಎಬ್ಬಿಸುವ ಉದ್ದೇಶವಿದ್ದು, ಹಾಗಾಗುವ ಸಂಭವವೂ ಇದ್ದರೆ ಮಾತ್ರ ಪ್ರಚೋದನೆ ಎಂದು ಶಿಕ್ಷಿಸಬಹುದು. ಬೆದರಿಕೆ, ಒಬ್ಬ ವ್ಯಕ್ತಿಯ ಬೆನ್ನುಹತ್ತಿ ಪೀಡಿಸುವುದು ಇವುಗಳಿಗೆ ರಕ್ಷಣೆಯಿಲ್ಲ. ಕಟುವಾದ, ಎದುರಿದ್ದವರಿಗೆ ನೋವಾಗುವ ಘೋಷಣೆಗೆ ಇದೆ.

ಯೂರೋಪಿನಲ್ಲಿ ಅಷ್ಟು ಅವಕಾಶವಿಲ್ಲ. ‘ನದಿಯಿಂದ ಸಮುದ್ರದವರೆಗೆ’ (ಜೋರ್ಡಾನ್ ನದಿಯಿಂದ ಮೆಡಿಟರೇನಿಯನ್ ಸಮುದ್ರದವರೆಗೆ ಪ್ಯಾಲೆಸ್ಟೀನ್ ಎಂಬರ್ಥದಲ್ಲಿ) ಎಂಬ ಘೋಷಣೆಯನ್ನು ಜರ್ಮನಿಯ ಗೃಹ ಸಚಿವಾಲಯ 2023ರ ನವೆಂಬರಿನಲ್ಲಿ ಹಮಾಸ್ ನಿಷೇಧದ ಆದೇಶದೊಳಗೇ ಸೇರಿಸಿ, ಆ ಸಂಘಟನೆಯ ಗುರುತು ಎಂದಿತು. ಅಲ್ಲಿನ ಕೋರ್ಟುಗಳು ಇದರ ಬಗ್ಗೆ ಒಂದೇ ದನಿಯಲ್ಲಿ ಮಾತಾಡಿಲ್ಲ. ಕೆಲವು ಶಿಕ್ಷೆ ವಿಧಿಸಿವೆ, ಕೆಲವು ಬಿಟ್ಟಿವೆ. ಒಂದೇ ಸಾಲು ಒಂದು ಊರಿನಲ್ಲಿ ಘೋಷಣೆ, ಇನ್ನೊಂದರಲ್ಲಿ ಮೊಕದ್ದಮೆ.

ಬ್ರಿಟನ್ನಿನ ಉದಾಹರಣೆ ಇನ್ನೂ ವಿಚಿತ್ರ. 2025ರ ಜೂನಿನಲ್ಲಿ ‘ಪ್ಯಾಲೆಸ್ಟೀನ್ ಆಕ್ಷನ್’ ಎಂಬ ಗುಂಪಿನವರು ಬ್ರೈಜ್ ನಾರ್ಟನ್ ವಾಯುನೆಲೆಗೆ ನುಗ್ಗಿ ಎರಡು ವಿಮಾನಗಳಿಗೆ ಬಣ್ಣ ಎರಚಿದರು. ಜುಲೈ 5ರಿಂದ ಆ ಗುಂಪು ಭಯೋತ್ಪಾದನಾ ಕಾಯ್ದೆಯಡಿ ನಿಷೇಧಿತವಾಯಿತು. ಅಂಥ ಸಂಘಟನೆಗೆ ಬೆಂಬಲ ಕೋರಿದರೆ 14 ವರ್ಷದವರೆಗೆ ಜೈಲು, ಬೆಂಬಲಿಗರೆಂಬ ಅನುಮಾನ ಬರುವಂಥ ವಸ್ತು ಪ್ರದರ್ಶಿಸಿದರೆ ಆರು ತಿಂಗಳು. ಆಗಸ್ಟ್ 9ರಂದು ಲಂಡನ್ನಿನ ಪಾರ್ಲಿಮೆಂಟ್ ಚೌಕದಲ್ಲಿ ನರಮೇಧವನ್ನು ವಿರೋಧಿಸುತ್ತೇನೆ, ಈ ಗುಂಪನ್ನು ಬೆಂಬಲಿಸುತ್ತೇನೆ ಎಂದು ಬರೆದ ಹಲಗೆ ಹಿಡಿದು ಜನ ಸುಮ್ಮನೆ ಕೂತರು. ಆ ದಿನ 500ಕ್ಕೂ ಹೆಚ್ಚು ಬಂಧನಗಳಾದವು, ಅವರಲ್ಲಿ ನಿವೃತ್ತಿಯ ವಯಸ್ಸು ದಾಟಿದವರೇ ಬಹಳ. ವಿಮಾನಕ್ಕೆ ಬಣ್ಣ ಎರಚುವುದು ಅಪರಾಧ, ಅದಕ್ಕೆ ಬೇರೆ ಸಾಮಾನ್ಯ ಕಾನೂನುಗಳೇ ಸಾಕಿದ್ದವು. ಹಲಗೆ ಹಿಡಿದವರನ್ನೂ ಭಯೋತ್ಪಾದನೆಯ ಕಾಯ್ದೆಗೆ ಎಳೆದು ತಂದದ್ದು ‘ಏನು’ ಎಂಬ ಪ್ರಶ್ನೆಯನ್ನೇ ಅಪರಾಧವಾಗಿಸಿದಂತೆ ಎಂಬುದು ನನ್ನ ಅಭಿಪ್ರಾಯ. ಈ ನಿಷೇಧವನ್ನು ಅಲ್ಲಿನ ಹೈಕೋರ್ಟಿನಲ್ಲಿ ಪ್ರಶ್ನಿಸಲಾಯಿತು. 2026ರ ಫೆಬ್ರವರಿಯಲ್ಲಿ ಹೈಕೋರ್ಟ್ ನಿಷೇಧ ಕಾನೂನುಬಾಹಿರ ಎಂದಿತು, ಆದರೆ ಸರ್ಕಾರದ ಮೇಲ್ಮನವಿಗಾಗಿ ಅದನ್ನು ಆಗಲೇ ತೆಗೆಯಲಿಲ್ಲ. ಅಭಿಪ್ರಾಯ ಏನಿದ್ದರೂ, ಫಲಕ ಬರೆಯುವ ಮುನ್ನ ಆ ದಿನದ ಕಾನೂನು ನೋಡಿಕೊಳ್ಳಬೇಕಾದವರು ನಾವೇ. ‘ಪ್ಯಾಲೆಸ್ಟೀನಿಗೆ ಸ್ವಾತಂತ್ರ್ಯ’ ಎಂದು ಬರೆಯುವುದು ಬ್ರಿಟನ್ನಿನಲ್ಲಿ ಎಂದೂ ಅಪರಾಧವಾಗಿರಲಿಲ್ಲ. ಹೆಸರಿಟ್ಟು ನಿಷೇಧಿಸಿದ್ದು ಒಂದು ಸಂಘಟನೆಯನ್ನು. ಅಂದ ಹಾಗೆ, ಸಿಡ್ನಿಯ ಸೇತುವೆ ಮೆರವಣಿಗೆ ನಡೆಸಿದವರ ಹೆಸರು ‘ಪ್ಯಾಲೆಸ್ಟೀನ್ ಆಕ್ಷನ್ ಗ್ರೂಪ್’. ಅದು ಬೇರೆಯದೇ ಬಳಗ, ಹೆಸರು ನೋಡಿ ಗೊಂದಲ ಮಾಡಿಕೊಳ್ಳುವುದು ಬೇಡ.

ಇನ್ನೊಂದು ಮಾತು ಇಲ್ಲೇ ಹೇಳಬೇಕು. ಇಸ್ರೇಲ್ ಸರ್ಕಾರದ ಟೀಕೆ ಬೇರೆ, ಯೆಹೂದಿಗಳ ಮೇಲಿನ ದ್ವೇಷ ಬೇರೆ. 2023ರ ಅಕ್ಟೋಬರ್ 27ರಂದು ನ್ಯೂಯಾರ್ಕಿನ ಗ್ರ್ಯಾಂಡ್ ಸೆಂಟ್ರಲ್ ರೈಲು ನಿಲ್ದಾಣದಲ್ಲಿ ಕದನವಿರಾಮ ಕೇಳಿ ಕೂತು ಬಂಧನಕ್ಕೊಳಗಾದ ನೂರಾರು ಜನರನ್ನು ಸೇರಿಸಿದ್ದು ‘ಜ್ಯೂಯಿಶ್ ವಾಯ್ಸ್ ಫಾರ್ ಪೀಸ್’ ಎಂಬ ಯೆಹೂದಿಗಳ ಸಂಘಟನೆ. ಮೆರವಣಿಗೆಯಲ್ಲಿ ಯಾರಾದರೂ ಯೆಹೂದಿಗಳನ್ನು ಹೀಯಾಳಿಸುವ ಫಲಕ ತಂದರೆ ಸಂಘಟಕರಿಗೆ ಹೇಳಿ ಇಳಿಸಬೇಕು. ಕಾನೂನಿಗಾಗಿ ಮಾತ್ರವಲ್ಲ, ಮಾನವ ಹಕ್ಕುಗಳ ಹೆಸರಲ್ಲಿ ಸೇರಿದ ಜಾಗ ಅದು ಎಂಬುದಕ್ಕಾಗಿ.

ಪಾಸ್‌ಪೋರ್ಟ್ ಯಾವ ದೇಶದ್ದು?

ವಿದೇಶದಲ್ಲಿ ಓದುವ, ದುಡಿಯುವ ಕನ್ನಡಿಗರಿಗೆ ಎಲ್ಲಕ್ಕಿಂತ ಮುಖ್ಯವಾದ ಭಾಗ ಇದು. ಅಮೆರಿಕದಲ್ಲಿ ಮಾತಿನ ಸ್ವಾತಂತ್ರ್ಯ ಪೌರರಿಗಷ್ಟೇ ಮೀಸಲಲ್ಲ, ಅಲ್ಲಿ ನೆಲೆಸಿದ ವಿದೇಶಿಯರಿಗೂ ಉಂಟು ಎಂದು ಸುಪ್ರೀಂ ಕೋರ್ಟ್ 1945ರಷ್ಟು ಹಿಂದೆಯೇ ಹೇಳಿದೆ. ಆದರೆ ವೀಸಾ ಸರ್ಕಾರದ ಕೈಯಲ್ಲಿದೆ. 2025ರ ಮಾರ್ಚ್ 8ರಂದು ಕೊಲಂಬಿಯಾದ ಪ್ರತಿಭಟನೆಗಳಲ್ಲಿ ಮುಂದಾಳಾಗಿದ್ದ ಮಹಮೂದ್ ಖಲೀಲ್ ಅವರನ್ನು ವಲಸೆ ಅಧಿಕಾರಿಗಳು ಹಿಡಿದರು. ಅವರು ಗ್ರೀನ್ ಕಾರ್ಡ್ ಇದ್ದವರು, ಆಗ ಅವರ ಮೇಲೆ ಯಾವ ಅಪರಾಧದ ಆರೋಪವೂ ಇರಲಿಲ್ಲ. ಅವರ ಇರುವಿಕೆ ದೇಶದ ವಿದೇಶಾಂಗ ನೀತಿಗೆ ಧಕ್ಕೆ ಎಂಬ ಅಪರೂಪದ ಕಲಮು ತೋರಿಸಿ ಲೂಸಿಯಾನಾದಲ್ಲಿ ಇಟ್ಟರು. ಹೊರಬಂದದ್ದು ಜೂನ್ 20ರಂದು, ಆಮೇಲೂ ಗಡೀಪಾರಿನ ವ್ಯಾಜ್ಯ ಮುಂದುವರಿಯಿತು. ಅದೇ ಮಾರ್ಚಿನಲ್ಲಿ ವಿದ್ಯಾರ್ಥಿ ಪತ್ರಿಕೆಯಲ್ಲಿ ಸಹಲೇಖಕಿಯಾಗಿ ಒಂದು ಲೇಖನ ಬರೆದಿದ್ದ ಟರ್ಕಿಯ ಸಂಶೋಧಕಿಯನ್ನು ಬೀದಿಯಲ್ಲೇ ಹಿಡಿದೊಯ್ದರು. ವೀಸಾ ರದ್ದಾಗಿ ದೇಶ ಬಿಟ್ಟವರಲ್ಲಿ ಭಾರತದ ಪಿಎಚ್‌ಡಿ ವಿದ್ಯಾರ್ಥಿನಿಯೊಬ್ಬರೂ ಇದ್ದರು.

2025ರ ಸೆಪ್ಟೆಂಬರ್ 30ರಂದು ಬಾಸ್ಟನ್ನಿನ ಫೆಡರಲ್ ನ್ಯಾಯಾಧೀಶ ವಿಲಿಯಂ ಯಂಗ್, ಕಾನೂನಾಗಿ ನೆಲೆಸಿದ ವಿದೇಶಿಯರಿಗೂ ಪೌರರಷ್ಟೇ ಮಾತಿನ ಹಕ್ಕಿದೆ, ಹೀಗೆ ಹೆದರಿಸಿದ್ದು ಸಂವಿಧಾನ ವಿರೋಧಿ ಎಂದು ತೀರ್ಪಿತ್ತರು. ತೀರ್ಪು ಸ್ಪಷ್ಟವಾಗಿದೆ. ಅದು ಬರುವವರೆಗೆ ವಾರಗಟ್ಟಲೆ ಬಂಧನದಲ್ಲಿ ಕೊಳೆತವರ ದಿನಗಳು ಮಾತ್ರ ವಾಪಸ್ ಬರುವುದಿಲ್ಲ. ಹಾಗೆಂದು ವೀಸಾದ ಮೇಲಿರುವವರು ಮನೆಯಲ್ಲೇ ಇರಿ ಎನ್ನುತ್ತಿಲ್ಲ. ಹೋಗುವ ಮುಂಚೆ ವಲಸೆ ಕಾನೂನು ಬಲ್ಲ ವಕೀಲರೊಬ್ಬರೊಂದಿಗೆ ಮಾತಾಡಿಡಿ. ಬಂಧನಕ್ಕೆ ಆಹ್ವಾನ ಕೊಡುವ ರಸ್ತೆತಡೆಯಂಥ ಕಾರ್ಯಕ್ರಮವನ್ನು ಪೌರತ್ವ ಇದ್ದವರಿಗೆ ಬಿಟ್ಟು, ಅನುಮತಿಯಿರುವ ಮೆರವಣಿಗೆಯಲ್ಲಿ ನಡೆಯುವುದು ಹೇಡಿತನವಲ್ಲ. ಜರ್ಮನಿಯೂ ಈ ವಿಷಯದಲ್ಲಿ ಮೃದುವಲ್ಲ. 2025ರಲ್ಲಿ ಬರ್ಲಿನ್ ಆಡಳಿತ, ಪ್ರತಿಭಟನೆಗಳಿಗೆ ಸಂಬಂಧಿಸಿದಂತೆ ನಾಲ್ವರು ವಿದೇಶಿಯರಿಗೆ ದೇಶ ಬಿಡಲು ಆದೇಶಿಸಿತು. ಅವರಲ್ಲಿ ಮೂವರು ಯೂರೋಪಿಯನ್ ಒಕ್ಕೂಟದವರೇ.

ಭಾರತದಲ್ಲಿ ಲೆಕ್ಕ ತಿರುವುಮುರುವು. ಶಾಂತಿಯುತವಾಗಿ, ಆಯುಧವಿಲ್ಲದೆ ಸೇರುವ ಹಕ್ಕನ್ನು 19ನೇ ವಿಧಿ ಕೊಟ್ಟಿರುವುದು ಪ್ರಜೆಗಳಿಗೆ ಮಾತ್ರ. ಇಲ್ಲಿ ಓದಲು ಬಂದ ವಿದೇಶಿ ವಿದ್ಯಾರ್ಥಿಗೆ ಸಮಾನತೆ, ಜೀವ, ಬಂಧನದ ಸಮಯದ ರಕ್ಷಣೆಗಳಿವೆ, ಈ ಹಕ್ಕಿಲ್ಲ. ಪ್ರಜೆಗಳಿಗೂ ಹಳೆಯ 144ನೇ ಸೆಕ್ಷನ್, 2024ರ ಜುಲೈನಿಂದ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್, ಸದಾ ತಲೆಯ ಮೇಲಿರುತ್ತದೆ. ಪ್ರಜಾಸತ್ತಾತ್ಮಕ ಅಭಿಪ್ರಾಯ ಹತ್ತಿಕ್ಕಲು ಈ ಅಧಿಕಾರ ಬಳಸುವಂತಿಲ್ಲ, ಆದೇಶವನ್ನು ಪ್ರಕಟಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2020ರ ಜನವರಿಯಲ್ಲಿ ಹೇಳಿದೆ. ಅದೇ ವರ್ಷ ಅಕ್ಟೋಬರಿನಲ್ಲಿ, ಸಾರ್ವಜನಿಕ ರಸ್ತೆಯನ್ನು ಅನಿರ್ದಿಷ್ಟ ಕಾಲ ಹಿಡಿದಿಡುವಂತಿಲ್ಲ, ಗೊತ್ತುಮಾಡಿದ ಜಾಗದಲ್ಲಿ ಪ್ರತಿಭಟಿಸಿ ಎಂದೂ ಹೇಳಿದೆ.

ಗೊತ್ತುಮಾಡಿದ ಜಾಗವನ್ನೇ ಕೇಳಿದರೂ ಕೆಲವೊಮ್ಮೆ ಸಿಗುವುದಿಲ್ಲ. ಗಾಜಾದ ವಿಷಯಕ್ಕೆ ಮುಂಬಯಿಯ ಆಜಾದ್ ಮೈದಾನದಲ್ಲಿ ಸಭೆ ನಡೆಸಲು ಪೊಲೀಸರು ಒಪ್ಪಲಿಲ್ಲ ಎಂದು ಸಿಪಿಐ(ಎಂ) ಬಾಂಬೆ ಹೈಕೋರ್ಟಿಗೆ ಹೋಯಿತು. 2025ರ ಜುಲೈ 25ರಂದು ಪೀಠ ಅರ್ಜಿ ತಳ್ಳಿಹಾಕಿತು. ಸಾವಿರಾರು ಮೈಲಿ ದೂರದ ಸಂಗತಿ ಬಿಟ್ಟು ನಮ್ಮದೇ ದೇಶದ ಕಸ, ಚರಂಡಿ, ಪ್ರವಾಹದಂಥ ಸಮಸ್ಯೆಗಳತ್ತ ನೋಡಿ ಎಂಬ ಧಾಟಿಯ ಬುದ್ಧಿಮಾತೂ ಬಂತು. ಮುಂದಿನ ತಿಂಗಳು ಪೊಲೀಸರೇ ಅನುಮತಿ ಕೊಟ್ಟರು, ಸಭೆ ನಡೆಯಿತು. ಮೈದಾನ ಪ್ರತಿಭಟನೆಗೆಂದೇ ಇದ್ದದ್ದು, ಆ ಪೀಠ ಎತ್ತಿದ್ದು ವಿಷಯದ ಪ್ರಶ್ನೆಯನ್ನು. ಯಾವುದರ ಬಗ್ಗೆ ನೊಂದುಕೊಳ್ಳಬೇಕು ಎಂಬ ಪಟ್ಟಿ 19ನೇ ವಿಧಿಯಲ್ಲಿಲ್ಲ.

ಆ ದಿನ

ಹೊರಡುವ ಮುಂಚೆ ಫೋನಿನ ಬೆರಳಚ್ಚು ಮತ್ತು ಮುಖದ ಲಾಕ್ ತೆಗೆದು ಉದ್ದನೆಯ ಪಾಸ್‌ಕೋಡ್ ಹಾಕಿಕೊಳ್ಳಿ. ಅಮೆರಿಕದಲ್ಲಿ ಬಂಧಿತರ ಫೋನ್ ತೆರೆದು ನೋಡಲು ವಾರಂಟ್ ಬೇಕೆಂದು 2014ರಿಂದ ಕಾನೂನಿದೆ. ಪಾಸ್‌ಕೋಡ್ ಹೇಳು ಎಂದು ಒತ್ತಾಯಿಸುವುದಕ್ಕಿಂತ ಬೆರಳು ಒತ್ತಿಸುವುದು ಸುಲಭ. ವಕೀಲರ ಸಹಾಯವಾಣಿಯ ಸಂಖ್ಯೆಯನ್ನು ಫೋನಿನಲ್ಲಲ್ಲ, ಮಾರ್ಕರ್‌ನಿಂದ ತೋಳಿನ ಮೇಲೆ ಬರೆದುಕೊಳ್ಳಿ, ಠಾಣೆಯಲ್ಲಿ ಫೋನ್ ಕೈಯಲ್ಲಿರುವುದಿಲ್ಲ. ದಿನವೂ ತೆಗೆದುಕೊಳ್ಳುವ ಔಷಧಿ ಇದ್ದರೆ ಅದರ ಚೀಟಿಯೊಂದಿಗೆ ಜೊತೆಗಿರಲಿ. ಮುಖ ಮುಚ್ಚುವ ವಿಷಯದಲ್ಲಿ ಎಚ್ಚರ ಬೇಕು: ಜರ್ಮನಿಯಲ್ಲಿ ಗುರುತು ಮರೆಸಲು ಮುಖ ಮುಚ್ಚಿದರೆ ಅದೇ ಅಪರಾಧವಾಗಬಹುದು. ಅಲ್ಲಲ್ಲಿ ಹೊಳೆಯುವ ಹಸಿರು ಟೋಪಿಯವರು ಅಮೆರಿಕದಲ್ಲಿ, ಕಿತ್ತಳೆ ಬಣ್ಣದ ಮೇಲಂಗಿಯವರು ಬ್ರಿಟನ್ನಿನಲ್ಲಿ ಕಾಣುತ್ತಾರೆ. ಅವರು ಕಾನೂನು ವೀಕ್ಷಕರು, ಪೊಲೀಸರ ನಡವಳಿಕೆ ದಾಖಲಿಸಲು ಬಂದವರು.

ಪೊಲೀಸರು ತಡೆದರೆ ಓಡಬೇಡಿ, ತಳ್ಳಬೇಡಿ, ವಾದಕ್ಕಿಳಿಯಬೇಡಿ. ನಾನು ಹೋಗಬಹುದೇ ಎಂದು ಕೇಳಿ. ಹೌದು ಎಂದರೆ ನಿಧಾನವಾಗಿ ಹೊರಡಿ. ಇಲ್ಲ ಎಂದರೆ ಕಾರಣ ಕೇಳಿ. ಚದುರಿ ಎಂಬ ಆದೇಶ ಬಂದಾಗ, ಅದು ಕೇಳುವಂತೆ ಹೇಳಿದ್ದಾರೆಯೇ, ಹೋಗಲು ದಾರಿ ಮತ್ತು ಸಮಯ ಬಿಟ್ಟಿದ್ದಾರೆಯೇ ಎಂದು ನೋಡಿ, ಆಮೇಲೆ ನೀವು ಹೊರಟುಬಿಡುವುದೇ ವಾಸಿ. ಆದೇಶ ತಪ್ಪಾಗಿದ್ದರೂ ಅದನ್ನು ಪ್ರಶ್ನಿಸುವ ಜಾಗ ಕೋರ್ಟು. ನಿಂತೇ ಇರುತ್ತೇನೆ ಎಂದು ತೀರ್ಮಾನಿಸಿದರೆ ಅದು ಕಾನೂನುಭಂಗ ಚಳವಳಿ. ಅದಕ್ಕೂ ಘನವಾದ ಪರಂಪರೆ ಇದೆ, ಆದರೆ ಅದರಲ್ಲಿ ಶಿಕ್ಷೆ ಒಪ್ಪಿಕೊಳ್ಳುವುದೇ ಹೋರಾಟದ ಭಾಗ. ಅರಿಯದೆ ಅದರೊಳಗೆ ಬಿದ್ದರೆ ಮಾತ್ರ ಕಷ್ಟ. ಈ ಕಾರ್ಯಕ್ರಮದಲ್ಲಿ ಬಂಧನ ಆಗುವ ಯೋಜನೆ ಇದೆಯೇ ಎಂದು ಸಂಘಟಕರನ್ನು ಮೊದಲೇ ನೇರವಾಗಿ ಕೇಳುವುದರಲ್ಲಿ ಸಂಕೋಚವೇನಿಲ್ಲ.

ಬಂಧಿಸಿದರೆ ಎಲ್ಲ ಕಡೆಗೂ ಹೊಂದುವ ಮಾತೆಂದರೆ ವಕೀಲರು ಬರುವವರೆಗೆ ಘಟನೆಯ ಬಗ್ಗೆ ಏನೂ ಹೇಳದಿರುವುದು. ಆದರೆ ಮೌನದ ಕಾನೂನೂ ಒಂದೇ ಥರ ಇಲ್ಲ. ಅಮೆರಿಕದಲ್ಲಿ ಬಾಯಿಬಿಟ್ಟು ನಾನು ಮೌನವಾಗಿರುವ ಹಕ್ಕು ಬಳಸುತ್ತಿದ್ದೇನೆ, ನನಗೆ ವಕೀಲರು ಬೇಕು ಎಂದೇ ಹೇಳಬೇಕು, ಸುಮ್ಮನಿದ್ದರೆ ಸಾಲದು. ಇಂಗ್ಲೆಂಡಿನಲ್ಲಿ ಠಾಣೆಯಲ್ಲಿ ಉಚಿತ ವಕೀಲರು ಸಿಗುತ್ತಾರೆ, ಆದರೆ ಆಗ ಹೇಳದ್ದನ್ನು ನಂತರ ಕೋರ್ಟಿನಲ್ಲಿ ಮುಂದಿಟ್ಟರೆ ಅದು ನಿಮಗೆ ಪ್ರತಿಕೂಲವಾಗಬಹುದು. ಅದಕ್ಕೇ ಮಾತಾಡುವ ಮೊದಲು ಸಲಹೆ ಪಡೆಯಬೇಕು. ಭಾರತದಲ್ಲಿ ಬಂಧನದ ಕಾರಣ ಹೇಳಲೇಬೇಕು, ಮನೆಯವರಿಗೆ ತಿಳಿಸಬೇಕು, 24 ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಮಹಿಳೆಯರನ್ನು ಅಸಾಧಾರಣ ಸಂದರ್ಭ ಬಿಟ್ಟರೆ ಸೂರ್ಯಾಸ್ತದಿಂದ ಸೂರ್ಯೋದಯದವರೆಗೆ ಬಂಧಿಸುವಂತಿಲ್ಲ. ಓದದೆ ಯಾವ ಕಾಗದಕ್ಕೂ ಸಹಿ ಹಾಕಬೇಡಿ.

ಮನೆಗೆ ಬಂದ ಮೇಲೂ ಕೆಲಸ ಉಳಿದಿರುತ್ತದೆ. ಪೆಟ್ಟಾಗಿದ್ದರೆ ಅದೇ ದಿನ ವೈದ್ಯರಿಗೆ ತೋರಿಸಿ ಚೀಟಿ ಬರೆಸಿಕೊಳ್ಳಿ, ಗಾಯದ ಫೋಟೊ ತೆಗೆದಿಡಿ. ಅಧಿಕಾರಿಯ ಬ್ಯಾಡ್ಜ್ ಸಂಖ್ಯೆ, ಸಮಯ, ಜಾಗ, ನೋಡಿದವರ ಹೆಸರು ನೆನಪಿರುವಾಗಲೇ ಬರೆದಿಡಿ. ದೂರು ಕೊಡಲು ಹೋದಾಗ ಬೇಕಾಗುವುದು ಇವೇ. ಫೋಟೊ ಹಂಚುವಾಗ ಪಕ್ಕದಲ್ಲಿದ್ದವರ ಮುಖ ಮಸುಕು ಮಾಡಿ, ಅವರ ವೀಸಾ ಅಥವಾ ಉದ್ಯೋಗದ ಸ್ಥಿತಿ ನಿಮಗೆ ಗೊತ್ತಿರುವುದಿಲ್ಲ. ಪ್ರಯಾಣ ಹತ್ತಿರವಿದ್ದರೆ ಇನ್ನೊಂದು ವಿಷಯ: ಬೀದಿಯಲ್ಲಿ ಫೋನಿಗಿರುವ ರಕ್ಷಣೆ ಗಡಿಯಲ್ಲಿಲ್ಲ. ಅಮೆರಿಕದ ಗಡಿ ಅಧಿಕಾರಿಗಳು ವಾರಂಟ್ ಇಲ್ಲದೆಯೂ ಸಾಧನಗಳನ್ನು ಪರಿಶೀಲಿಸುತ್ತಾರೆ. ಬ್ರಿಟನ್ನಿನ ವಿಮಾನ ನಿಲ್ದಾಣಗಳಲ್ಲಿ ಭಯೋತ್ಪಾದನಾ ಕಾಯ್ದೆಯ ಏಳನೇ ಅನುಸೂಚಿಯಡಿ ಅನುಮಾನವೇ ಇಲ್ಲದೆ ಪ್ರಶ್ನಿಸಬಹುದು, ಪಾಸ್‌ಕೋಡ್ ಕೊಡದಿದ್ದರೆ ಅದೇ ಅಪರಾಧ. ಮೆರವಣಿಗೆಯ ವಿಡಿಯೊಗಳನ್ನು ಸುರಕ್ಷಿತವಾಗಿ ಬೇರೆಡೆ ಇಟ್ಟು, ಅಗತ್ಯವಿದ್ದಷ್ಟೇ ಇರುವ ಫೋನಿನೊಂದಿಗೆ ಪ್ರಯಾಣಿಸಿ. ಯಾರದಾದರೂ ಮೇಲೆ ಮೊಕದ್ದಮೆ ನಡೆಯುತ್ತಿದ್ದರೆ ಮಾತ್ರ ಆ ವಿಡಿಯೊಗಳನ್ನು ಅಳಿಸುವ ಮುಂಚೆ ವಕೀಲರನ್ನು ಕೇಳಿ, ಅದೇ ಅವರ ಪರ ಸಾಕ್ಷಿಯೂ ಆಗಬಹುದು.